ಅವ್ವನ ಮಂಚದ ಕೆಳಗಿನ ಸೂರ್ಯ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆ ಯಾರಿಂದಲೋ ನಿಮಗೆ ಗೊತ್ತಾಗುವುದು ಬೇಡ. ನಮ್ಮ ಮನೆಯಲ್ಲಿ ದೇವರ ಜಗುಲಿಗಿಂತ ಹೆಚ್ಚು ಬೆಳಕು ಬೀಳುತ್ತಿದ್ದದ್ದು ನನ್ನ ಬಿ.ಎಸ್ಸಿ. ಪ್ರಮಾಣಪತ್ರದ ಮೇಲೆ. ನಡುಮನೆಯ ಗೋಡೆಯಲ್ಲಿ ಅದು ಚಿನ್ನದ ಬಣ್ಣದ ಕಟ್ಟಿನೊಳಗೆ ಕೂತಿದೆ. ಅದರ ನೆತ್ತಿಗೆ ಎರಡು ಅಡಿ ಉದ್ದದ ಒಂದು ಎಲ್‌ಇಡಿ ಪಟ್ಟಿ ಹಾಕಿಸಿದ್ದೆ. ಅಗ್ಗದ್ದು, ಕರೆಂಟು ಕಡಿಮೆ ತಿನ್ನುವಂಥದು. ದೇವರಿಗೆ ಎಣ್ಣೆಯ ದೀಪ, ಪದವಿಗೆ ಎಲ್‌ಇಡಿ. ಇದರಲ್ಲಿ ತಪ್ಪೇನಿದೆ ಎಂದು ಆಗ ನನಗೆ ಅನಿಸಿರಲಿಲ್ಲ.

ಕಟ್ಟು ಹಾಕಿಸಿದ್ದು ಅಪ್ಪ. ಬೀದರಿನ ಕಾಳಿನ ಮಾರುಕಟ್ಟೆ ಗಾಂಧಿ ಗಂಜಿನಲ್ಲಿ ತೊಗರಿ ಚೀಲ ಹೊತ್ತು ಹೊತ್ತು ಒಂದು ಭುಜ ಇಳಿಸಿಕೊಂಡಿದ್ದ ಅಪ್ಪ, ನಾನು ಪಾಸಾದ ವರ್ಷ ಆ ಕಾಗದವನ್ನು ದೇವರ ಫೋಟೋಗೆ ಕಟ್ಟು ಹಾಕುವವನ ಹತ್ತಿರ ಒಯ್ದಿದ್ದ. ಆ ಪುಣ್ಯಾತ್ಮನಿಗೆ ಗೊತ್ತಿದ್ದದ್ದು ಎರಡೇ ಬಗೆಯ ಕಟ್ಟು: ದೇವರಿಗೊಂದು, ತೀರಿಹೋದವರಿಗೊಂದು. ಎರಡಕ್ಕೂ ಮೇಲುಗಡೆ ಹಾರ ಹಾಕಲು ಒಂದು ಮೊಳೆ ಇರುತ್ತದೆ. ಹೀಗಾಗಿ ನನ್ನ ಪದವಿಗೂ ಹಾರದ ಮೊಳೆ ಇದೆ. ಮನೆಗೆ ಬಂದ ಹೊಸಬರು ಬಾಗಿಲಲ್ಲಿ ನಿಂತು ಆ ಬೆಳಕು, ಆ ಕಟ್ಟು, ಆ ಮೊಳೆಯನ್ನು ನೋಡಿ ಮುಖ ಸಣ್ಣದು ಮಾಡಿಕೊಂಡು, "ಯಾವಾಗ ಆಯ್ತ್ರಿ?" ಎಂದು ಮೆಲ್ಲಗೆ ಕೇಳಿದ್ದುಂಟು. ನಾನು ವರ್ಷ, ದರ್ಜೆ, ಶೇಕಡಾವಾರು ಎಲ್ಲ ಹೇಳಿದ ಮೇಲೆ ಅವರಿಗೆ ಸಮಾಧಾನವೂ ಆಗುತ್ತಿತ್ತು, ಸ್ವಲ್ಪ ನಿರಾಸೆಯೂ.

ನಗಬೇಡಿ. ನಮ್ಮ ವಂಶದಲ್ಲಿ ಹಿಂದೆ ಎಷ್ಟು ದೂರ ನೋಡಿದರೂ ಪದವಿ ಎಂಬ ಪ್ರಾಣಿ ಕಾಣುವುದಿಲ್ಲ. ಔರಾದ ತಾಲೂಕಿನ ನಮ್ಮ ಊರಲ್ಲಿ ಅಪ್ಪ ಹೆಬ್ಬೆಟ್ಟು, ಅವ್ವ ಹೆಬ್ಬೆಟ್ಟು. ಅಣ್ಣ ಏಳನೆಯ ತರಗತಿಯಲ್ಲಿ ಮಾಸ್ತರರಿಗೂ ತನಗೂ ಹೊಂದದೆ ಹೊಲಕ್ಕೆ ಹೋದವನು. ನಾನೊಬ್ಬ ಹಟಕ್ಕೆ ಬಿದ್ದು ಸಸ್ಯಶಾಸ್ತ್ರ ಓದಿ, ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರನಾದೆ. ಸಸ್ಯಶಾಸ್ತ್ರ ಓದಿದೆ ಎಂದ ಮಾತ್ರಕ್ಕೆ ಗಿಡ ಬೆಳೆಸಿದೆ ಎಂದು ತಿಳಿಯಬೇಡಿ. ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಚಿತ್ರ ಬರೆದೆ. ಮೂರು ವರ್ಷದಲ್ಲಿ ನನ್ನ ಕೈಗೆ ಬಂದ ಗಿಡಗಳೆಲ್ಲ ಸತ್ತೇ ಬಂದವು, ಇಲ್ಲವೇ ಬಂದು ಸತ್ತವು.

ಈಗ ಮನೆಯ ಮಾತು. ಬೀದರಿನ ನೌಬಾದದಲ್ಲಿ ನಾವಿರುವ ಬಾಡಿಗೆ ಮನೆ ಕೆಳಗಿನ ಅಂತಸ್ತಿನದು. ಕಟ್ಟಿದಾಗ ಮೂರು ದಿಕ್ಕಿಗೂ ಖಾಲಿ ಪ್ಲಾಟುಗಳಿದ್ದವಂತೆ. ಈಗ ಮೂರು ದಿಕ್ಕಿಗೂ ಮೂರಂತಸ್ತಿನ ಮನೆಗಳು ಎದ್ದು ನಿಂತು ನಮ್ಮ ಕಿಟಕಿಯೊಳಗೆ ಇಣುಕುತ್ತವೆ. ಬೇಸಿಗೆಯಲ್ಲಿ ಬೀದರಿನ ಡಾಂಬರು ಮೆತ್ತಗಾಗುವ ಹೊತ್ತಿನಲ್ಲೂ ನಾವು ಹಗಲು ಹನ್ನೆರಡಕ್ಕೆ ದೀಪ ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತೇವೆ. ಮಾಳಿಗೆ ಮಾಲೀಕರದು. ಅಲ್ಲಿ ಅವರ ಹಪ್ಪಳ ಒಣಗುತ್ತದೆ, ನಮ್ಮದಲ್ಲ. ಮಳೆಗಾಲದಲ್ಲಂತೂ ಬಿಸಿಲು ನಮಗೆ ಗೋಡೆಯ ಕ್ಯಾಲೆಂಡರಿನ ಚಿತ್ರದಲ್ಲಷ್ಟೇ.

ಇಂಥ ಮನೆಗೆ ಒಂದು ಆಷಾಢದಲ್ಲಿ ಅವ್ವ ಬಂದಳು. ತಾನಾಗಿ ಬರಲಿಲ್ಲ, ಜಾರಿ ಬಿದ್ದು ಬಂದಳು. ಊರಲ್ಲಿ ದನದ ಕೊಟ್ಟಿಗೆಯ ಕಲ್ಲಿನ ಮೇಲೆ ಕಾಲು ಹೋಗಿ ಮೊಣಕಾಲು ಊದಿತ್ತು. ಬೀದರಿನ ಡಾಕ್ಟರು ನೋಡಿ, ಮೂಳೆ ಸರಿ ಇದೆ, ಆದರೆ ಐವತ್ತು ದಿನ ಬಿಡದೆ ಫಿಸಿಯೋಥೆರಪಿ ಮಾಡಿಸಬೇಕು, ನಡುವೆ ಬಿಟ್ಟರೆ ಕೋಲು ಖಾಯಂ ಎಂದರು. ಅಲ್ಲಿ ಒಬ್ಬ ಹುಡುಗಿ ಅವ್ವನ ಮೊಣಕಾಲಿಗೆ ತಂತಿ ಅಂಟಿಸಿ ಜುಮುಜುಮು ಎನಿಸಿ, ಆಮೇಲೆ ಕಾಲು ಎತ್ತಿಸಿ ಇಳಿಸಿ ಕಳಿಸುತ್ತಿದ್ದಳು. ಅವ್ವ ಅದಕ್ಕೆ ಕಾಲಿಗೆ ಕರೆಂಟ್ ಕೊಡಿಸುವುದು ಎನ್ನುತ್ತಿದ್ದಳು.

ನಾಲ್ಕನೆಯ ದಿನ ಮೂರನೆಯ ಪೀರಿಯಡ್ ನಡೆಯುವಾಗ ನನ್ನ ಹೆಂಡತಿ ಶೋಭಾಳ ಫೋನು ಬಂತು. ಅತ್ತೆ ಕರೆಂಟ್ ಕೊಡಿಸಿಕೊಂಡು ಬಂದವರು ಆಟೋ ಇಳಿಯಲೇ ಇಲ್ಲ, ಅದೇ ಆಟೋದಲ್ಲಿ ಚೀಲ ತರಿಸಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು ಎಂದು. ನಾನು ಭಾಲ್ಕಿಯಿಂದ ಬೀದರಿಗೆ ಬಂದು ಮುಟ್ಟುವಷ್ಟರಲ್ಲಿ ಔರಾದಿನ ಎರಡು ಬಸ್ಸು ಹೋಗಿದ್ದವು. ಅವ್ವ ಮಾತ್ರ ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಇದ್ದಳು. ಪಕ್ಕದಲ್ಲಿ ಕೂತಿದ್ದ ಜನವಾಡದ ಹೆಂಗಸಿಗೆ ನನ್ನ ಪ್ರಮಾಣಪತ್ರದ ವರ್ಣನೆ ನಡೆದಿತ್ತು. ಆ ವರ್ಣನೆಯಲ್ಲಿ ಎರಡೂ ಬಸ್ಸು ತಪ್ಪಿಹೋಗಿದ್ದವು. ಓದಿದ್ದು ಹೊಟ್ಟೆಗೆ ಬಿಟ್ಟು ಬೇರೆ ಕೆಲಸಕ್ಕೂ ಬರುತ್ತದೆ ಎಂದು ಅವತ್ತು ತಿಳಿಯಿತು.

"ಎಲ್ಲಿಗೆ ಹೊಂಟೀದಿ ಅವ್ವ?"

"ಊರಿಗೆ. ಆಷಾಢ ಮುಗೀಲಾಕ ಬಂತು. ಝೆಂಡಿನ ಅಗಿ ಯಾರು ಹಾಕಬೇಕು, ನಿಮ್ಮಪ್ಪ ಎದ್ದು ಬಂದು ಹಾಕ್ತಾನೇನು?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಝೆಂಡು ಎಂದರೆ ಚೆಂಡು ಹೂ, ನಮ್ಮ ಕಡೆ ಮರಾಠಿಯವರ ಸಹವಾಸಕ್ಕೆ ಹಾಗಾಗಿದೆ. ಅಗಿ ಎಂದರೆ ನಾಟಿಗೆ ಮೊದಲು ಒಂದೆಡೆ ಎಬ್ಬಿಸಿಕೊಳ್ಳುವ ಸಸಿ. ಪ್ರತಿ ವರ್ಷ ಅವ್ವ ಹಿತ್ತಿಲಲ್ಲಿ ಅರ್ಧ ಊರಿಗಾಗುವಷ್ಟು ಝೆಂಡಿನ ಅಗಿ ಹಾಕುತ್ತಾಳೆ. ಬೀಜ ಅವಳ ತವರಿನದು, ಬಟ್ಟೆಯ ಗಂಟಿನಲ್ಲಿ ಅವಳ ಜೊತೆಗೇ ಇರುತ್ತದೆ. ದಸರೆಗೆ ಊರಿನ ಹೂವೆಲ್ಲ ಆ ಗಂಟಿನಿಂದ ಬಂದದ್ದು. ಕೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡುವ ಅವ್ವನಿಗೆ ದಿನಕ್ಕೆ ಒಂದು ಹೂ ಸಾಕು. ಆದರೆ ಊರಿನ ಟ್ರ್ಯಾಕ್ಟರಿಗೆ, ಬೋರಿನ ಮೋಟರಿಗೆ, ಹಿಟ್ಟಿನ ಗಿರಣಿಗೆ, ಅಣ್ಣನ ಮೋಟರ್‌ಸೈಕಲ್ಲಿಗೆ ಒಂದೊಂದು ಮೊಳ ಹಾರ ಬೇಕು. ದೇವರು ಸ್ವಲ್ಪದರಲ್ಲಿ ಮುಗಿಸಿಕೊಳ್ಳುತ್ತಾನೆ, ಮಷೀನುಗಳು ಬಿಡುವುದಿಲ್ಲ.

ಪುಸ್ತಕದಲ್ಲಿ ಓದಿದ್ದನ್ನೂ ಇಲ್ಲೇ ಹೇಳಿ ಹಗುರಾಗುತ್ತೇನೆ. ಈ ಚೆಂಡು ಹೂ ನಮ್ಮದಲ್ಲ. ಸಮುದ್ರದ ಆಚೆ ಮೆಕ್ಸಿಕೋ ಕಡೆಯಿಂದ ಹಡಗು ಹತ್ತಿ ಬಂದದ್ದು. ಬಂದ ಮೇಲೆ ಯಾರನ್ನೂ ಕೇಳದೆ ನಮ್ಮ ಬಾಗಿಲಿಗೆ ತೋರಣವಾಗಿ ನಿಂತುಬಿಟ್ಟಿತು. ಪಕ್ಕದ ತಾಲೂಕಿನಿಂದ ಬಂದವನಿಗೆ ಮನೆ ಬಾಡಿಗೆಗೆ ಕೊಡಲು ನಾವು ಹದಿನಾರು ಪ್ರಶ್ನೆ ಕೇಳುತ್ತೇವೆ. ಈ ಹೂವಿಗೆ ನಿನ್ನ ಊರು ಯಾವುದು, ಮಂದಿ ಯಾವುದು ಎಂದು ಒಬ್ಬರೂ ಕೇಳಿಲ್ಲ.

"ವೈನಿ ಹಾಕಲಿ ಬಿಡು ಅಗಿ," ಎಂದೆ, ಅಣ್ಣನ ಹೆಂಡತಿಯನ್ನು ನೆನೆದು.

"ನಿಮ್ಮ ವೈನಿ ಕೈಯಾಗ ಬೀಜ ಏಳಂಗಿಲ್ಲ. ಆಕಿ ನೀರ ಹಾಕೂದು ನೋಡೀಯೇನು? ದನಕ್ಕ ಮೈ ತೊಳದಂಗ ಹಾಕ್ತಾಳ."

"ಹಂಗಾದ್ರ ಇಲ್ಲೇ ಹಾಕೋಣ."

"ಎಲ್ಲಿ, ಫ್ರಿಜ್ಜಿನ ಮ್ಯಾಲೇನು? ನಿನ್ನ ಮನ್ಯಾಗ ಬಿಸಲೇ ಇಲ್ಲ."

"ಬಿಸಲ ನಾ ತರ್ತೀನಿ," ಎಂದುಬಿಟ್ಟೆ. ಜನವಾಡದ ಹೆಂಗಸು ಈಗ ನನ್ನನ್ನು ಬೇರೆ ರೀತಿ ನೋಡಿದಳು. ಅವ್ವ ಅಲ್ಲೇ ಕರಾರು ಮಾಡಿಕೊಂಡಳು. ಬೀಜ ಹಾಕಿದ ಹದಿನೈದು ದಿನದಲ್ಲಿ ಅಗಿ ಎದ್ದು ನಿಂತರೆ ಇರುತ್ತಾಳೆ. ಬಿದ್ದರೆ ಮೊದಲನೆಯ ಬಸ್ಸಿಗೆ ಹೋಗುತ್ತಾಳೆ, ಕರೆಂಟೂ ಬೇಡ ಕೋಲೂ ಬೇಡ. ಹೀಗೆ ನನ್ನ ಅವ್ವನ ಮೊಣಕಾಲು ಒಂದು ಹಿಡಿ ಕಪ್ಪು ಬೀಜದ ಮೇಲೆ ನಿಂತಿತು.

ಓದಿದವನ ಮೊದಲನೆಯ ತಪ್ಪೆಂದರೆ ಫೋನು ತೆರೆಯುವುದು. ಗಿಡ ಬೆಳೆಸುವ ಲೈಟು ಎಂದು ಹುಡುಕಿದೆ. ಒಂದು ಮಾಯಾಬಜಾರೇ ತೆರೆಯಿತು. ಅದರಲ್ಲಿ ಕಡಿಮೆಯದನ್ನು ಆರಿಸಿ ತರಿಸಿದೆ. ಹಚ್ಚಿದರೆ ಮನೆಯೆಲ್ಲ ನೇರಳೆ ಬಣ್ಣ. ಶೋಭಾ, ಆರ್ಕೆಸ್ಟ್ರಾ ಶುರುವಾಗುವ ಮೊದಲು ಹೀಗೇ ಇರುತ್ತದೆ ಎಂದಳು. ಸಂಜೆ ಎದುರು ಮನೆಯ ಕಾಕೂ ಬಾಗಿಲಿಗೆ ಬಂದು, "ನಿಮ್ಮನ್ಯಾಗ ಯಾರರೆ ಮಹಾರಾಜರು ಇಳದಾರೇನ್ರಿ? ಕಿಟಕ್ಯಾಗ ಬೆಳಕು ಭಾಳ ಬ್ಯಾರೆ ಕಾಣ್ಲಾಕತ್ತದ," ಎಂದು ಕೈಮುಗಿದೇ ಕೇಳಿದರು. ಅವ್ವ ಆ ಬೆಳಕಿನಲ್ಲಿ ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

"ಇದ್ರಾಗ ಸೀದ ರೊಟ್ಟಿನೂ ಚಲೋ ರೊಟ್ಟಿನೂ ಒಂದೇ ಕಾಣ್ತದ. ಅಗಿ ಹಳದಿ ಆದ್ರ ನಿನಗ ಹ್ಯಾಂಗ ಗೊತ್ತಾಗ್ತದಪಾ?"

ಲೈಟನ್ನು ಡಬ್ಬಿಗೆ ತುಂಬಿ ವಾಪಸು ಕಳಿಸಿ, ಗಂಜಿನ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯ ಚಾಚಾನ ಮುಂದೆ ನಿಂತೆ. ಚಾಚಾ ಕನ್ನಡಕವನ್ನು ಹಣೆಗೆ ಏರಿಸಿ ನನ್ನ ಸಮಸ್ಯೆಯನ್ನೆಲ್ಲ ಕೇಳಿದರು.

"ಮಾಸ್ಟರ್ ಸಾಬ್, ಇದು ಗಿಡದ ಲೈಟು, ಇದು ಸಂಡಾಸದ ಲೈಟು ಅಂತ ಗಿಡಕ್ಕೇನು ಮಾಲೂಮ್ ಅದರಿ? ಬಿಳೀ ಬೆಳಕು ಬೇಕು, ಹತ್ರ ಬೇಕು, ಬಸ್. ಮನ್ಯಾಗ ಒಂದು ಪಟ್ಟಿ ಒಯ್ದೀರಲ್ಲ, ಅದನ್ನೇ ಹಚ್ರಿ. ಹೊಸಾದು ಯಾಕ?"

ಮಾರುವವನೇ ಬೇಡ ಎಂದರೆ ಕೊಳ್ಳುವವನು ಏನು ಮಾಡಬೇಕು? ಮನೆಯಲ್ಲಿದ್ದ ಪಟ್ಟಿ ಎಂದರೆ ನನ್ನ ಪದವಿಯ ನೆತ್ತಿಯ ಮೇಲಿನದು. ನಾನು ಎರಡು ದಿನ ಆ ಮಾತು ಎತ್ತಲಿಲ್ಲ. ಅವ್ವ ಎತ್ತಿದಳು.

"ಆ ಕಾಗದ ಏನ ಬೆಳೀತದೇನು? ಇಪ್ಪತ್ತು ವರ್ಷ ಆಯ್ತು ನೋಡ್ಲಾಕತ್ತೀನಿ, ಒಂದು ಚಿಗುರಿಲ್ಲ. ಇದ್ಕ್ಯಾಕ ಲೈಟು?"

ಶೋಭಾ ಆಗಲೇ ಸ್ಟೂಲು ತಂದು ಇಟ್ಟಿದ್ದಳು. ಇಷ್ಟು ಚುರುಕಾಗಿ ಅವಳು ಯಾವತ್ತೂ ಸ್ಟೂಲು ತಂದಿರಲಿಲ್ಲ. ಪಟ್ಟಿ ಇಳಿಯಿತು. ಗೋಡೆಯ ಮೇಲೆ ನನ್ನ ಬಿ.ಎಸ್ಸಿ. ಮೊದಲ ಬಾರಿಗೆ ಕತ್ತಲಾಯಿತು.

ಹಳೆಯ ಎರಡು ಬೇಕರಿ ಟ್ರೇಗಳಲ್ಲಿ ಅವ್ವ ಕೆಮ್ಮಣ್ಣು, ಹಳೆಯ ಗೊಬ್ಬರ, ಮರಳು ಬೆರೆಸಿ ಬೀಜ ಚೆಲ್ಲಿದಳು. ನಾನು ಪಟ್ಟಿಯನ್ನು ಚಾವಣಿಗೆ ಹೊಡೆದೆ, ಲೈಟು ಇರುವುದು ಚಾವಣಿಯಲ್ಲಿ ತಾನೇ. ಮೂರನೆಯ ದಿನ ಮೊಳಕೆ ಎದ್ದಿತು. ನಾನು ಸ್ಟಾಫ್ ರೂಮಿನಲ್ಲಿ ಪೇಡಾ ಹಂಚಿದೆ. ಎಂಟನೆಯ ದಿನ ಅಗಿಗಳು ದಾರದಂತೆ ಉದ್ದ ಬೆಳೆದು, ತಲೆ ಭಾರ ತಾಳದೆ ಒಂದರ ಮೇಲೊಂದು ಒರಗಿದ್ದವು.

ಅವ್ವ ಬಗ್ಗಿ ನೋಡಿದಳು. "ಥೇಟ್ ನೀ ಕಾಲೇಜಿಗೆ ಹೋಗೂ ಮುಂದ ಇದ್ದಿಯಲ್ಲ, ಹಂಗೇ ಆಗ್ಯಾವ. ಉದ್ದ ಆಗ್ಯಾವ, ನಡದಾಗ ತ್ರಾಣಿಲ್ಲ." ಆಮೇಲೆ ಮೂಲೆಯ ಚೀಲದ ಕಡೆ ನೋಡಿದಳು. ಆ ನೋಟ ನನಗೆ ಅರ್ಥವಾಯಿತು. ಕರಾರಿಗೆ ಇನ್ನು ಏಳೇ ದಿನ ಇತ್ತು.

ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗವಾಗುತ್ತದೆ ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಡುವವನು ನಾನು. ಹುಡುಗರು ತಪ್ಪಿದರೆ ಹತ್ತು ಸಲ ಬರೆಸುವವನೂ ನಾನೇ. ಶಾಲೆಯಲ್ಲಿ ಕಲಿಸಿದ್ದು ಮನೆಯ ಹೊಸ್ತಿಲು ದಾಟಿ ಒಳಗೆ ಬರುತ್ತದೆ ಎಂದು ನನಗೂ ಯಾರೂ ಹೇಳಿರಲಿಲ್ಲ. ಲೈಟನ್ನು ಕೆಳಗೆ ತರಬೇಕು, ಸಸಿಯ ತಲೆಯಿಂದ ಒಂದು ಗೇಣಿನೊಳಗೆ. ಆದರೆ ಅಷ್ಟು ಕೆಳಗೆ ಯಾವುದಕ್ಕೆ ಕಟ್ಟುವುದು? ಮನೆಯಲ್ಲಿ ನೆಲದಿಂದ ಅಷ್ಟೆತ್ತರದಲ್ಲಿ ಗಟ್ಟಿಯಾಗಿ ನಿಂತಿದ್ದದ್ದು ಒಂದೇ ವಸ್ತು, ಅವ್ವನ ಕಬ್ಬಿಣದ ಮಂಚ.

ಹೀಗಾಗಿ ಸೂರ್ಯ ಅವ್ವನ ಮಂಚದ ಕೆಳಗೆ ಹೋದ. ಶೋಭಾ ತನ್ನ ಹಳೆಯ ಲಂಗದ ಎರಡು ಲಾಡಿ ಕೊಟ್ಟಳು. ಪಟ್ಟಿಯನ್ನು ಮಂಚದ ಸರಳಿಗೆ ಬಿಗಿದೆವು. ಅಡಿಯಲ್ಲಿ ಟ್ರೇಗಳು. ಸ್ವಿಚ್ಚಿನ ವೈರನ್ನು ಎಳೆದು ಮಂಚದ ಕಾಲಿಗೆ ಸುತ್ತಿದೆವು. ಅವ್ವ ಒರಗಿದ ದಾರದಂಥ ಸಸಿಗಳನ್ನು ಎಲೆಯ ತನಕ ಮಣ್ಣಿನಲ್ಲಿ ಇಳಿಸಿ ಮತ್ತೆ ನೆಟ್ಟಳು. ದಿನಕ್ಕೆ ಎರಡು ಸಲ ಅವುಗಳ ತಲೆಯ ಮೇಲೆ ಅಂಗೈ ಆಡಿಸುತ್ತಿದ್ದಳು, ಗಾಳಿ ಬೀಸಿದಂತೆ. ಮೊಣಕಾಲಿನ ಹುಡುಗಿ ಹೇಳಿಕೊಟ್ಟ ವ್ಯಾಯಾಮವನ್ನು ಹೇಳಿದರೆ ಮಾಡದವಳು, ಅಗಿ ನೋಡಲೆಂದು ದಿನಕ್ಕೆ ಇಪ್ಪತ್ತು ಸಲ ಮಂಚದಿಂದ ಇಳಿದು ಕೂತು ಎದ್ದಳು.

"ನನಗೂ ಕರೆಂಟು, ಅಗಿಗೂ ಕರೆಂಟು," ಎಂದಳು ಒಮ್ಮೆ. "ಈ ಮನ್ಯಾಗ ಅಡಗಿ ಒಂದು ಬಿಟ್ರ ಎಲ್ಲಾ ಕರೆಂಟಿನ ಮ್ಯಾಲೇ ನಡೀತದ."

"ಅದೂ ನಡೀತದರೀ ಅತ್ತಿ," ಎಂದಳು ಶೋಭಾ ಇಂಡಕ್ಷನ್ ಒಲೆಯ ಮುಂದಿನಿಂದ.

ಹದಿನೈದನೆಯ ದಿನ ಅಗಿಗಳು ಗಿಡ್ಡಗೆ, ದಪ್ಪಗೆ, ಕಡು ಹಸುರಾಗಿ ನಿಂತಿದ್ದವು. ಅವ್ವ ಚೀಲದಿಂದ ಸೀರೆಗಳನ್ನು ತೆಗೆದು ಕಪಾಟಿನಲ್ಲಿ ಇಟ್ಟಳು. ನಾನು ಗೆದ್ದಿದ್ದೆ. ಗೆದ್ದ ಮಾಸ್ತರನಷ್ಟು ಅಪಾಯದ ಪ್ರಾಣಿ ಭಾಲ್ಕಿ ರೋಡಿನಲ್ಲಿ ಇನ್ನೊಂದಿಲ್ಲ.

ಏಕೆಂದರೆ ನನ್ನದೊಂದು ಸಿದ್ಧಾಂತ ಇತ್ತು. ಲೈಟನ್ನು ಇಪ್ಪತ್ತನಾಲ್ಕು ಗಂಟೆಯೂ ಹಚ್ಚಿಟ್ಟಿರಬೇಕು ಎಂಬುದು. ಪುಸ್ತಕದಿಂದ ಬಂದದ್ದಲ್ಲ, ಬಾಳಿನಿಂದ ಬಂದದ್ದು. ಊರಲ್ಲಿ ನಮ್ಮ ಮನೆಗೆ ಕರೆಂಟಿರಲಿಲ್ಲ. ನಾನು ಹಿಟ್ಟಿನ ಗಿರಣಿಯ ಕಟ್ಟೆಯ ಮೇಲಿನ ಬಲ್ಬಿನ ಕೆಳಗೆ ಓದಿದವನು. ರಾತ್ರಿಯೆಲ್ಲ ಆ ಬಲ್ಬಿನ ಕೆಳಗೆ ಓದಿ ಪಾಸಾದೆ ಎಂದು ಪ್ರತಿ ವರ್ಷ ಜೂನ್‌ನಲ್ಲಿ ಹುಡುಗರಿಗೆ ಭಾಷಣ ಮಾಡುತ್ತೇನೆ. ಬಲ್ಬಿನ ಕೆಳಗೆ ಹೆಚ್ಚು ಹೊತ್ತು ಕೂತವನು ಮುಂದೆ ಬರುತ್ತಾನೆ ಎಂಬುದು ನನ್ನ ಪಾಲಿಗೆ ಗುರುತ್ವಾಕರ್ಷಣೆಯಷ್ಟೇ ಖಚಿತ. ಬಲ್ಬು ಮನುಷ್ಯನನ್ನು ಪದವೀಧರನನ್ನಾಗಿ ಮಾಡಬಲ್ಲದಾದರೆ ಚೆಂಡು ಹೂವನ್ನು ಮಾಡಲಾರದೇ? ಅದಕ್ಕೇ ಪ್ರತಿ ದಿನ ಒಂಬತ್ತಕ್ಕೆ ಮಲಗುವ ಮುಂಚೆ ಮಂಚದ ಕೆಳಗೆ ಇಣುಕಿ ಲೈಟು ಉರಿಯುವುದನ್ನು ನೋಡಿಯೇ ಹೋಗುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೂ ಉರಿಯುತ್ತಿತ್ತು.

ಎರಡು ಟ್ರೇಗಳಲ್ಲಿ ಒಂದನ್ನು ಶಾಲೆಗೆ ಒಯ್ದೆ. ಚಾಚಾನಿಂದ ಇನ್ನೊಂದು ಪಟ್ಟಿ ತಂದು, ಪ್ರಯೋಗಾಲಯದ ಬೆಂಚಿನ ಅಡಿಯಲ್ಲಿ ಅದೇ ಗೇಣಿನ ಲೆಕ್ಕದಲ್ಲಿ ಕಟ್ಟಿದೆ. ಜವಾನ ಮಾಣಿಕನಿಗೆ ಹೊತ್ತಿಗೆ ನೀರು ಹಾಕಲು, ಲೈಟನ್ನು ಯಾವ ಕಾರಣಕ್ಕೂ ಆರಿಸದಿರಲು ಹೇಳಿದೆ. ಬೆಂಚಿಗೆ 'ನಿರಂತರ ಬೆಳಕಿನಲ್ಲಿ ಸಸಿ ಬೆಳೆಸುವ ವಿಧಾನ' ಎಂದು ಹಲಗೆ ಬರೆಸಿದೆ. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ. ಗಣಿತದ ಜಾಧವ ಸರ್ ಬಂದು ಹಲಗೆ ಓದಿ, "ಸರ್, ಗಿಡ ಇನ್ನಾ ಇಷ್ಟೇ ಅದ, ಹಲಗಿ ಎಷ್ಟು ದೊಡ್ಡದು ಬರಿಸೀರಿ," ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಕಥೆಯ ಸಂಕಟಕ್ಕೆ ಬನ್ನಿ. ಅಗಿ ಇಪ್ಪತ್ತೈದು ದಿನಕ್ಕೆ ನಾಟಿಗೆ ಬರುತ್ತದೆ. ಮೊಣಕಾಲು ಐವತ್ತು ದಿನಕ್ಕೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬಂದದ್ದು, ಅವ್ವ ಒಂದು ಶುಕ್ರವಾರ ಅಣ್ಣನಿಗೆ ಫೋನು ಮಾಡಿ, "ಅಗಿ ತಯಾರ್ ಆಗ್ಯಾವ, ಐತ್ವಾರ ಗಾಡಿ ತಗೊಂಡು ಬಾ, ನಾನೂ ಬರ್ತೀನಿ," ಎಂದಾಗಲೇ. ಇನ್ನೂ ಹದಿನಾಲ್ಕು ದಿನದ ಕರೆಂಟು ಬಾಕಿ ಇತ್ತು. ಅವ್ವ ಇನ್ನೂ ಗೋಡೆ ಹಿಡಿದೇ ಬಚ್ಚಲಿಗೆ ಹೋಗುತ್ತಿದ್ದಳು. ನಾನು ಅಗಿ ಸಾಯದಿರಲಿ ಎಂದು ಬೇಡಿಕೊಂಡವನು, ಈಗ ಅವು ಇಷ್ಟು ಬೇಗ ಯಾಕಾದರೂ ಬೆಳೆದವೋ ಎಂದು ಮಂಚದ ಕೆಳಗೆ ಬಗ್ಗಿ ಅವುಗಳನ್ನೇ ಬೈದೆ. ಡಾಕ್ಟರು ಹೇಳಿದರು, ಶೋಭಾ ಹೇಳಿದಳು, ಕರೆಂಟಿನ ಹುಡುಗಿ ಅಳುವ ಹಾಗೆ ಹೇಳಿದಳು. ಅವ್ವ ಒಂದೇ ಮಾತು: "ಕೆಲಸ ಆಯ್ತಲ್ಲ. ಇನ್ನ ಇಲ್ಲೇನದ ನನಗ?"

ಆ ಶನಿವಾರ ಶಾಲೆಗೆ ಹೋದರೆ ಪ್ರಯೋಗಾಲಯದಲ್ಲಿ ಜಾಧವ ಸರ್ ನನಗಿಂತ ಮೊದಲೇ ಬಂದು ನಿಂತಿದ್ದರು. ಒಂದು ವಾರದಿಂದ ನಾನು ಪರೀಕ್ಷೆಯ ಗಡಿಬಿಡಿಯಲ್ಲಿ ಆ ಕಡೆ ಸುಳಿದಿರಲಿಲ್ಲ. ಟ್ರೇಯಲ್ಲಿ ಎಲೆಗಳೆಲ್ಲ ಹಳದಿಗೆ ತಿರುಗಿ, ಅಂಚು ಮುದುಡಿ, ಸಸಿಗಳು ಒಯ್ದಾಗ ಇದ್ದಷ್ಟೇ ಎತ್ತರಕ್ಕೆ ಕುಗ್ಗಿ ಕೂತಿದ್ದವು. ಮಣ್ಣು ಹಸಿಯಾಗಿಯೇ ಇತ್ತು. ಮಾಣಿಕನ ತಪ್ಪಿರಲಿಲ್ಲ.

"ಸರ್, ಹೂ ಬರೂದ್ರೊಳಗ ಎಲೀನೇ ಹೂವಿನ ಬಣ್ಣ ಆಗ್ಯಾವಲ್ಲರಿ," ಎಂದರು ಜಾಧವ ಸರ್. "ಹಲಗಿ ಇರಲೋ, ತಗೀಲೋ?"

ಹೆಸರಿನ ಮುಂದಿನ ಬಿ.ಎಸ್ಸಿ. ನನ್ನನ್ನೇ ನೋಡುತ್ತಿತ್ತು. ನಾನು ಟ್ರೇ ಎತ್ತಿಕೊಂಡು ಬಸ್ಸು ಹತ್ತಿದೆ. ಭಾಲ್ಕಿಯಿಂದ ಬೀದರಿನ ತನಕ ತೊಡೆಯ ಮೇಲೆ ಹಳದಿ ಸಸಿ ಇಟ್ಟುಕೊಂಡು ಕೂತವನನ್ನು ಕಂಡಕ್ಟರು ಎರಡು ಸಲ ನೋಡಿ, ಲಗೇಜು ಟಿಕೆಟ್ ಕೇಳದೆ ಮುಂದೆ ಹೋದ. ಮುಖ ಹಾಗಿತ್ತು ಎಂದು ಕಾಣುತ್ತದೆ.

ಅವ್ವ ಚೀಲಕ್ಕೆ ಸೀರೆ ಮಡಚಿ ಇಡುತ್ತಿದ್ದವಳು ಟ್ರೇ ನೋಡಿ ನಿಂತಳು.

"ಏನ ಮಾಡಿದಿ ಇವಕ್ಕ?"

"ಏನೂ ಮಾಡಿಲ್ಲವ್ವ. ಇಲ್ಲಿ ಮಾಡಿದಂಗೇ ಮಾಡೀನಿ. ಹಗಲೂ ರಾತ್ರಿ ಲೈಟ್ ಹಚ್ಚಿಟ್ಟೀನಿ."

"ಇಲ್ಲಿ ರಾತ್ರಿ ಯಾರು ಹಚ್ಚಿಟ್ಟಿದ್ರು?"

ನಾನು ಶೋಭಾಳ ಮುಖ ನೋಡಿದೆ. ಶೋಭಾ ಗೋಡೆಯ ಮುಖ ನೋಡಿದಳು.

"ನೀ ಇಣಿಕಿ ನೋಡಿ ಹೋದ ಕೂಡ್ಲೇ ನಾ ಆರಸ್ತೀನಿ. ಮುಂಜಾನಿ ಎದ್ದು ಹಚ್ತೀನಿ. ನಿನಗ್ಯಾಕ ಬ್ಯಾಸರ ಅಂತ ಹೇಳಿಲ್ಲ."

ನನಗೆ ಆ ಕ್ಷಣ ಕಣ್ಣು ತೆರೆದ ಹಾಗಾಯಿತು. ಕತ್ತಲೂ ಗಿಡಕ್ಕೆ ಬೇಕು, ಹಗಲು ಕೂಡಿಸಿದ್ದನ್ನು ರಾತ್ರಿ ಹಂಚಿಕೊಳ್ಳುತ್ತದೆ, ಬೆಳಕಿನ ಅವಧಿ ಎಂಬ ಪಾಠವೇ ಇತ್ತು, ಹತ್ತು ಅಂಕದ್ದು. ಬಾಯಿಪಾಠ ಮಾಡಿ ಬರೆದು, ಪರೀಕ್ಷೆಯ ಹಾಲಿನಲ್ಲೇ ಬಿಟ್ಟು ಬಂದಿದ್ದೆ. ಅಕ್ಷರ ಬಾರದ ಅವ್ವನಿಗೆ ಅದು ತಲೆತಲಾಂತರದಿಂದ ಗೊತ್ತಿದೆ. ನನ್ನ ಕಣ್ಣಂಚು ಹಸಿಯಾಗತೊಡಗಿತು. ಇಂಥ ಸಂದರ್ಭಕ್ಕೆಂದೇ ಒಂದು ನಡುಗುವ ದನಿ ಇದೆಯಲ್ಲ, ಅದರಲ್ಲಿ ಕೇಳಿದೆ: "ಗಿಡಕ್ಕೂ ನಿದ್ದಿ ಬೇಕಂತ ನಿನಗ ಗೊತ್ತಿತ್ತೇನವ್ವ?"

"ಗಿಡದ್ದು ನನಗೇನ್ ಗೊತ್ತು? ನನಗ ನಿದ್ದಿ ಬ್ಯಾಡೇನು? ಬೆನ್ನ ಕೆಳಗ ಸೂರ್ಯನ್ನ ಕಟ್ಟಿ ಯಾರರೆ ಮಲ್ಕೋತಾರೇನು, ಹುಚ್ಚ."

ಕಣ್ಣೀರು ಅಲ್ಲೇ ನಿಂತಿತು. ಗೆದ್ದದ್ದು ವಿಜ್ಞಾನವೂ ಅಲ್ಲ, ಹಿರಿಯರ ಜ್ಞಾನವೂ ಅಲ್ಲ. ಒಬ್ಬ ಮುದುಕಿಗೆ ಬೆಳಕಿನಲ್ಲಿ ನಿದ್ದೆ ಬರುತ್ತಿರಲಿಲ್ಲ, ಸ್ವಿಚ್ಚು ಕೈಗೆ ಸಿಗುತ್ತಿತ್ತು, ಅಷ್ಟೇ. ಆದರೂ ನಾನು ನನ್ನ ಸಿದ್ಧಾಂತವನ್ನು ಬಿಡಲಿಲ್ಲ. "ನಾ ಗಿರಣಿ ಬಲ್ಬಿನ ಕೆಳಗ ಬೆಳತನಕ ಓದಿಲ್ಲೇನು?" ಎಂದೆ.

ಅವ್ವ ಶೋಭಾಳ ಕಡೆ ತಿರುಗಿ ಹೇಳಿದಳು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. "ಗಿರಣಿ ಲೈಟು ಒಂಬತ್ತಕ್ಕ ಆರಸ್ತಿದ್ರು. ಇಂವ ಎಂಟಕ್ಕೇ ಪುಸ್ತಕದ ಮ್ಯಾಲ ಜೊಲ್ಲು ಸುರಿಸಿ ಬಿದ್ದಿರ್ತಿದ್ದ. ಎಬ್ಬಿಸಿದ್ರ ಏಳ್ತಿರಲಿಲ್ಲ. ಹೆಗಲಿಗೆ ಹಾಕ್ಕೊಂಡು ಬರ್ತಿದ್ದೆ. ಹತ್ತನೇ ಕ್ಲಾಸಿಗೆ ಬರೂತನ ಹೊತ್ತೀನಿ. ಈ ಮೊಣಕಾಲು ಸುಮ್ಮನ ಹೋಗ್ಯಾದೇನು?"

ಶೋಭಾ ನಕ್ಕ ನಗು ಎದುರು ಮನೆಯ ಕಾಕೂಗೂ ಕೇಳಿಸಿರಬೇಕು. ಪ್ರತಿ ಜೂನ್‌ನ ಭಾಷಣ ಕಣ್ಣೆದುರು ಒಂದೊಂದಾಗಿ ಮುದುಡಿಕೊಂಡಿತು. ನಾನು ಪದವೀಧರನಾದದ್ದು ಬಲ್ಬಿನಿಂದ ಎಂದು ಎಷ್ಟು ಜನರಿಗೆ ಹೇಳಿದ್ದೆ. ಬಲ್ಬು ಆರಿದ ಮೇಲೆ ಹೊತ್ತುಕೊಂಡು ಬಂದವಳ ಹೆಸರನ್ನು ಒಂದು ಸಲವೂ ತೆಗೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಮೋಟರ್‌ಸೈಕಲ್ ತಂದು ನಿಲ್ಲಿಸಿದ. ಅವ್ವ ಮನೆಯ ಟ್ರೇಯ ಅಗಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬುಟ್ಟಿಗೆ ಇಟ್ಟು ಅವನ ಕೈಗೆ ಕೊಟ್ಟಳು. ಚೀಲವನ್ನು ಮಾತ್ರ ಕೊಡಲಿಲ್ಲ.

"ನೀ ಹತ್ತವ್ವ," ಎಂದ ಅಣ್ಣ.

"ನೀ ಹೋಗು. ಇವು ಎದ್ದು ನಿಂದ್ರತನ ನಾ ಬರಂಗಿಲ್ಲ." ಅವಳು ಹಳದಿ ಟ್ರೇಯನ್ನು ತೋರಿಸಿದಳು. "ನನ್ನ ತವರುಮನಿ ಬೀಜಕ್ಕ ಭಾಲ್ಕ್ಯಾಗ ಹೆಸರ ಕೆಡಿಸಿ ಬಂದಾನ ಇಂವ. ಹಲಗಿ ಬ್ಯಾರೆ ಬರಿಸ್ಯಾನಂತ. ನಾ ಸುಮ್ನ ಹೋಗ್ಲೇನು?"

ಡಾಕ್ಟರ ಮಾತಿಗೆ ನಿಲ್ಲದವಳು, ಕರೆಂಟಿನ ಹುಡುಗಿಯ ಅಳುಮುಖಕ್ಕೆ ನಿಲ್ಲದವಳು, ನನ್ನ ಮೂರ್ಖತನಕ್ಕೆ ನಿಂತಳು. ನಾನು ಸರಿಯಾಗಿ ಮಾಡಿದ್ದರೆ ಆ ಬೆಳಿಗ್ಗೆ ಮೋಟರ್‌ಸೈಕಲ್ಲಿನ ಹಿಂದೆ ಕೂತು ಹೋಗಿಬಿಡುತ್ತಿದ್ದಳು. ಜೀವನದಲ್ಲಿ ನಾನು ಪಾಸಾದ ಯಾವ ಪರೀಕ್ಷೆಯೂ ಈ ಒಂದು ಫೇಲಿನಷ್ಟು ಕೆಲಸಕ್ಕೆ ಬಂದಿಲ್ಲ.

ಹಳದಿ ಟ್ರೇ ಮಂಚದ ಕೆಳಗೆ ಹೋಯಿತು. ಲೈಟು ಹಗಲು ಉರಿಯಿತು, ಅವ್ವ ಮಲಗುವ ಹೊತ್ತಿಗೆ ಆರಿತು. ಈಗ ನಾನು ಇಣುಕುವುದನ್ನು ಬಿಟ್ಟಿದ್ದೆ. ವಾರದಲ್ಲಿ ನಡುವಿನಿಂದ ಹೊಸ ಹಸುರು ಎಲೆ ಬಂತು. ಹದಿನಾಲ್ಕು ದಿನದ ಕರೆಂಟು ಮುಗಿಯುವಷ್ಟರಲ್ಲಿ ಅಗಿಯೂ ಎದ್ದು ನಿಂತಿತು, ಅವ್ವನೂ. ಅರ್ಧ ಅಗಿ ಭಾಲ್ಕಿಗೆ ಹೋಗಿ ಶಾಲೆಯ ಗೇಟಿನ ಎರಡೂ ಬದಿಗೆ ನಾಟಿಯಾಯಿತು, ಅರ್ಧ ಅವ್ವನ ಬುಟ್ಟಿಗೆ. ಅವಳನ್ನು ಬಸ್ಸು ಹತ್ತಿಸಲು ಹೋದೆ. ಔರಾದ ಬಸ್ಸಿನ ಮೊದಲನೆಯ ಮೆಟ್ಟಿಲು ಎತ್ತರ. ಕೈ ಕೊಡಲು ಹೋದೆ. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ತಾನೊಬ್ಬಳೇ ಹತ್ತಿ, ಮೇಲಿಂದ ಬುಟ್ಟಿ ಇಸಿದುಕೊಂಡಳು. "ಬರೂ ಆಷಾಢಕ್ಕ ಬರ್ತೀನಿ," ಎಂದಳು. "ಕಾಲಿಗಲ್ಲ, ಅಗಿಗೆ. ಲೈಟ್ ಬಿಚ್ಚಬ್ಯಾಡ."

ಬಿಚ್ಚಲಿಲ್ಲ. ಪಟ್ಟಿ ಇನ್ನೂ ಮಂಚದ ಕೆಳಗೇ ಇದೆ. ಪ್ರಮಾಣಪತ್ರ ಗೋಡೆಯ ಮೇಲೆ ಕತ್ತಲಲ್ಲಿದೆ. ಕತ್ತಲಲ್ಲಿದ್ದರೂ ಅದೇನೂ ಬಾಡಿಲ್ಲ, ಅದರಲ್ಲಿ ಬರೆದ ದರ್ಜೆಯೂ ಇಳಿದಿಲ್ಲ. ಶಾಲೆಯ ಗಿಡಗಳು ಸ್ವಲ್ಪ ತಡವಾಗಿಯಾದರೂ ಬಿಟ್ಟವು. ಮೊದಲನೆಯ ಹೂಗಳನ್ನು ಜಾಧವ ಸರ್ ಕೇಳದೇ ಕಿತ್ತು ತಮ್ಮ ಸ್ಕೂಟರಿಗೆ ಹಾರ ಮಾಡಿದರು. ಯಾವ ವಿಧಾನ ಸರ್ ಎಂದು ಕೇಳಿದರು. ಬೆಳಕಿನಲ್ಲಿ ನಿದ್ದೆ ಬಾರದ ಒಬ್ಬ ಮುದುಕಿ ಬೇಕು ಸರ್, ಉಳಿದದ್ದೆಲ್ಲ ಅಗ್ಗ ಎಂದೆ.

ದಸರೆಯ ಹಿಂದಿನ ದಿನ ಔರಾದಿನ ಬಸ್ಸಿಗೆ ಅವ್ವ ಒಂದು ಪೊಟ್ಟಣ ಕಳಿಸಿದ್ದಳು. ಒದ್ದೆ ಬಟ್ಟೆಯಲ್ಲಿ ಎರಡು ಮೊಳ ಝೆಂಡಿನ ಹಾರ. ಯಾವುದಕ್ಕೆ ಎಂದು ಫೋನು ಮಾಡಿ ಕೇಳಿದರೆ, "ಆ ಕಾಗದಕ್ಕ ಹಾಕ್ರಿ. ಮೊಳಿ ಎಷ್ಟು ವರ್ಷದಿಂದ ಖಾಲಿ ಅದ, ನೋಡ್ಲಾಕ ಚಂದ ಕಾಣಂಗಿಲ್ಲ," ಎಂದಳು. ಶೋಭಾ ಮತ್ತೆ ಅಷ್ಟೇ ಚುರುಕಾಗಿ ಸ್ಟೂಲು ತಂದಳು.

ಮರುದಿನ ಸಂಜೆ ಬನ್ನಿ ಕೊಡಲು ಮೇಲಿನ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಬಂದಿದ್ದರು. ಮಬ್ಬು ಗೋಡೆ, ಚಿನ್ನದ ಕಟ್ಟು, ಅದರ ಮೇಲೆ ಇಳಿಬಿದ್ದ ಹಾರವನ್ನು ನೋಡಿ ಯಜಮಾನರು ಚಪ್ಪಲಿಯನ್ನು ಇನ್ನೂ ಸ್ವಲ್ಪ ದೂರ ಬಿಟ್ಟು ಒಳಗೆ ಬಂದರು. ಬನ್ನಿ ಕೊಟ್ಟು, ಮುಖ ಸಣ್ಣದು ಮಾಡಿಕೊಂಡು, ದನಿ ತಗ್ಗಿಸಿ ಕೇಳಿದರು.

"ಯಾವಾಗ ಆಯ್ತ್ರಿ?"

"ಈ ಶ್ರಾವಣದಾಗ್ರಿ," ಎಂದೆ. "ಭಾಳ ನರಳಲಿಲ್ಲ."